ಮೂತಿ ಹೋದ ಕತ್ತಿ

ಅಪ್ಪನ ಕ್ಷೌರದ ಹಡಪದ ದಾರ ಬಿಚ್ಚಿ ಕತ್ತಿಯನ್ನು ಹೊರಗೆ ತೆಗೆದಾಗ, ಅದಕ್ಕೇನೋ ಆಗಿದೆಯೆಂದು ಮೊದಲು ತಿಳಿದದ್ದು ನನ್ನ ಬೆರಳಿಗೆ. ಹಿಡಿಯಿಂದ ಅಲಗನ್ನು ಬಿಡಿಸಿದ ಕೂಡಲೇ ಅದರ ಬಾಯಿಗೆ ಹೆಬ್ಬೆರಳನ್ನು ಅಡ್ಡಲಾಗಿ ಸವರಿ ನೋಡುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಲಂಗ ತೊಡುವ ವಯಸ್ಸಿನಲ್ಲೇ ಬರುವ ಅಭ್ಯಾಸ. ಬೆರಳು ನುಣ್ಣಗೆ ಸಾಗಿ ತುದಿಯ ಹತ್ತಿರ ಹಳ್ಳಕ್ಕೆ ಬಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂತಿಯಿಂದ ಸ್ವಲ್ಪವೇ ಒಳಗೆ, ಅರ್ಧ ಹುಣಸೆಬೀಜದಷ್ಟು ಉಕ್ಕು ಹಾರಿಹೋಗಿತ್ತು.

ತಾತ ಮೈಸೂರಿನ ಸಂತೇಪೇಟೆಯಲ್ಲಿ ಕೊಂಡ ಕತ್ತಿ ಅದು. ಎಮ್ಮೆಕೊಂಬಿನ ಹಿಡಿ. ಬಾಲದ ಮೇಲೆ ಜರ್ಮನಿ ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದು ಸವೆದು ಈಗ ಎರಡೋ ಮೂರೋ ಅಕ್ಷರ ಉಳಿದಿವೆ. ತಾತನ ಕೈಯಿಂದ ಅಪ್ಪನ ಕೈಗೆ ಬಂದು ಪಾಂಡವಪುರದ ಅರ್ಧ ಊರಿನ ಗಡ್ಡ, ತಲೆ, ಮದುಮಕ್ಕಳ ಮುಖ, ಸತ್ತವರ ಮಕ್ಕಳ ಬೋಳುತಲೆ ಎಲ್ಲವನ್ನೂ ನೋಡಿತ್ತು. ಅಂಗಡಿಗೆ ಒಂದು ಸಲ ಬಳಸಿ ಎಸೆಯುವ ಬ್ಲೇಡು ಬಂದ ಮೇಲೂ ಅಪ್ಪ ತನ್ನ ಗಡ್ಡಕ್ಕೆ ಮಾತ್ರ ಇದನ್ನೇ ಇಟ್ಟುಕೊಂಡಿದ್ದ. ಮೊಣಕಾಲು ಹೋಗಿ ಅಂಗಡಿ ಮುಚ್ಚಿದ ಮೇಲೂ ಅಷ್ಟೆ, ದಿನ ಬಿಟ್ಟು ದಿನ ಜಗಲಿಯ ಮೇಲೆ ಕನ್ನಡಿ ಆನಿಸಿಟ್ಟುಕೊಂಡು ಕೂರುತ್ತಿದ್ದ.

"ಇದು ಯಾರು ಮಾಡಿದ್ದು?" ಎಂದೆ.

ಮಂಚದ ಮೇಲಿದ್ದ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ. ಜಗಲಿಯಿಂದ ಅಪ್ಪನ ದನಿ ಬಂತು. ಆಯುಧಪೂಜೆಗೆಂದು ನನ್ನ ತಮ್ಮ ಲೋಕೇಶ ಕತ್ತಿಯನ್ನು ಕೆ.ಆರ್. ಪೇಟೆಗೆ ತೆಗೆದುಕೊಂಡು ಹೋಗಿದ್ದನಲ್ಲ, ಅವನ ಸಲೂನಿನ ಹುಡುಗರು ಕನ್ನಡಿಗೆ ಅಂಟಿದ ಸ್ಟಿಕ್ಕರ್ ಕೆರೆದು ಹೀಗೆ ಮಾಡಿರಬೇಕು ಎಂದ. ಬಾಗಿಲಿಗೆ ಬಂದು ಅವನನ್ನು ನೋಡಿದೆ. ಬೀದಿಯ ಕಡೆ ನೋಡುತ್ತ ಕೂತಿದ್ದ. ಕೆನ್ನೆಯ ತುಂಬ ಬಿಳಿ ಕೂಳೆ ಬೆಳೆದಿತ್ತು.

ನನಗೆ ಅಷ್ಟೇ ಸಾಕಾಗಿತ್ತು. ಸಿಟ್ಟು ಅವತ್ತಿನದಲ್ಲ; ತಿಂಗಳಿಂದ ಒಳಗೆ ಕೊತಕೊತ ಅನ್ನುತ್ತಿತ್ತು, ಕತ್ತಿ ಬರೀ ನೆಪ.

ಅವ್ವನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿ, ಮೈಸೂರಿನ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಿತ್ತು. ಎರಡನೆಯದು ಮುಗಿದ ಮೇಲೆ ಕೂದಲು ಉದುರತೊಡಗಿತು. ಪೂರ್ತಿ ಉದುರಿದ್ದರೆ ಚೆನ್ನಾಗಿತ್ತು. ಅವ್ವನದು ಸೊಂಟದವರೆಗಿನ ಜಡೆ. ಉದುರಿದ್ದು ಉದುರದೆ ಉಳಿದದ್ದಕ್ಕೆ ಸುತ್ತಿಕೊಂಡು, ಬೆವರು ಸೇರಿ, ಹಗಲೂ ರಾತ್ರಿ ದಿಂಬಿಗೆ ಉಜ್ಜಿ, ಹಿಂದಲೆಯಲ್ಲಿ ತೆಂಗಿನ ನಾರಿನ ಉಂಡೆಯಂತೆ ಗಂಟು ಕಟ್ಟಿತ್ತು. ಬಾಚಣಿಗೆ ಇಳಿಯುತ್ತಿರಲಿಲ್ಲ. ತಲೆಯ ಚರ್ಮ ಎಷ್ಟು ನೋಯುತ್ತಿತ್ತೆಂದರೆ ಮಲಗಿದಲ್ಲೇ ಕೈಯಿಂದ ಗಂಟನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದಳು, ಭಾರದ ಮೂಟೆಯನ್ನು ಎತ್ತಿಹಿಡಿದಂತೆ. ಎಲ್ಲ ತೆಗೆಸಿಬಿಡಿ, ಆದರೆ ಗಾಯ ಮಾತ್ರ ಆಗಕೂಡದು, ಈಗ ರಕ್ತ ಬಂದರೆ ಬೇಗ ನಿಲ್ಲುವುದಿಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು.

ಅವ್ವ ಅಪ್ಪನನ್ನು ಕೇಳಿದಳು. ಐವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡ, ಕೈಯಲ್ಲಿ ಕಸುಬು ಇರುವವನು, ಹಡಪ ಮೂಲೆಯಲ್ಲೇ ಇದೆ. ಅದರಲ್ಲಿ ಕೇಳಬಾರದ್ದು ಏನಿತ್ತು? ಅಪ್ಪ, "ನಾಳೀಕ್ ನೋಡಾನ" ಅಂದ. ಮರುದಿನ ಕೇಳಿದಳು. "ನಾಳೀಕ್ ನೋಡಾನ" ಅಂದ. ಅದು ಅಪ್ಪನ ಹಳೆಯ ಮಾತು. ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಗೂ, ಫೀಜು ಕೇಳಿದ ನನಗೂ, ಅಡುಗೆಮನೆಗೆ ಕಿಟಕಿ ಇಡಿಸು ಎಂದ ಅವ್ವನಿಗೂ ಅದನ್ನೇ ಹೇಳುತ್ತಿದ್ದ. ಆ ಮಾತಿಗೆ ಇಲ್ಲ ಎಂದೇ ಅರ್ಥ ಎನ್ನುವುದು ನಮಗೆಲ್ಲ ಗೊತ್ತಿತ್ತು.

ತಮ್ಮ ಲೋಕೇಶ ತನ್ನ ಕೈ ತೊಳೆದುಕೊಳ್ಳಲು ಎರಡು ದಾರಿ ಹುಡುಕಿದ. ಮೊದಲು ಟ್ರಿಮ್ಮರ್ ಕೊಟ್ಟು ಸಲೂನಿನ ಹುಡುಗನನ್ನು ಕಳಿಸುತ್ತೇನೆ ಎಂದ. ಆ ಗುಂಯ್‌ಗುಟ್ಟುವ ಮಿಷನ್ನನ್ನು ಕುರಿಗೆ ಇಕ್ಕಲಿ ಎಂದಳು ಅವ್ವ. ನೀನೇ ಬಾರೋ ಎಂದು ನಾನು ಫೋನಿನಲ್ಲಿ ಅಂದರೆ, ಹೆತ್ತವಳ ತಲೆಗೆ ಕತ್ತಿ ಹೆಂಗಕ್ಕ ಇಕ್ಕದು, ನನ್ನ ಕೈಲಿ ಆಗಲ್ಲ ಎಂದ. ಆಮೇಲೆ ಕರಿಘಟ್ಟದ ಗುಡಿಯ ಮಾತು ತೆಗೆದ. ದೇವರಿಗೆ ಮುಡಿ ಕೊಟ್ಟಂತೆ ಮಾಡಿಬಿಟ್ಟರೆ ಯಾರೂ ಏನೂ ಅನ್ನುವ ಹಾಗಿಲ್ಲ, ಕಾರು ಮಾಡಿಸುತ್ತೇನೆ, ಬಾಗಿಲತನಕ ಹೋಗುತ್ತದೆ ಎಂದ. ಗಂಜಿ ತಂದುಕೊಡುವ ಪಕ್ಕದ ಮನೆಯ ಕುಳ್ಳಮ್ಮನಿಗೂ ಅದು ಸರಿ ಕಂಡಿತು. ಮುತ್ತೈದೆ ಸುಮ್ಮನೆ ತಲೆ ಬೋಳಿಸಿಕೊಂಡರೆ ಗಂಡನಿಗೆ ಆಗುವುದಿಲ್ಲ, ಮುಡಿ ಕೊಟ್ಟರೆ ದೋಷವಿಲ್ಲ ಎಂದಳು.

ಅವ್ವ ಗಂಜಿಯ ಲೋಟ ಕೆಳಗಿಟ್ಟಳು.

"ನಾನೇನ್ ಅರಕೆ ಒತ್ತಿದ್ದೀನಾ? ನಂಗೆ ತಲೆ ನೋಯ್ತದೆ, ಅಷ್ಟೆಯ. ತಲೆ ನಂದು. ದೇವ್ರಿಗ್ಯಾಕೆ ಏಳ್ಬೇಕು?"

ಕುಳ್ಳಮ್ಮ ಲೋಟ ತೆಗೆದುಕೊಂಡು ಎದ್ದು ಹೋದಳು. ಅವ್ವ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದ್ದು ಇನ್ನೊಂದು ಮಾತು. ನಿಮ್ಮಪ್ಪನ ಕತ್ತಿಯೇ ಆಗಬೇಕು, ಅದೂ ಇದೇ ಮನೆಯಲ್ಲಿ ಆಗಬೇಕು ಎಂದಳು. ನಲವತ್ತು ವರ್ಷ ಅದನ್ನು ಮಸೆದಿದ್ದೇನೆ, ಒಂದು ದಿನ ಅದು ನನ್ನ ಕೆಲಸಕ್ಕೆ ಬರಬಾರದಾ ಎಂದಳು.

ಈ ಮಾತು ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಕತ್ತಿ ಹಿಡಿದು ಕ್ಷೌರ ಮಾಡುವುದು ಗಂಡಸರು. ಕತ್ತಿ ಮಸೆಯುವುದು ಹೆಂಗಸರು. ಅಜ್ಜಿ ಅವ್ವನಿಗೆ ಕಲಿಸಿದಳು, ಅವ್ವ ನನಗೆ ಕಲಿಸಿದಳು. ಸಂಜೆ ಅಪ್ಪ ಬಂದು ಹಡಪ ಇಳಿಸಿದರೆ, ಅವನು ಕೈಕಾಲು ತೊಳೆಯುವಷ್ಟರಲ್ಲಿ ಅವ್ವ ಕತ್ತಿಗಳನ್ನು ತೊಗಲ ಪಟ್ಟಿಗೆ ಎಳೆಯಲು ಕೂತಿರುತ್ತಿದ್ದಳು. ಮಂಗಳವಾರ ಅಂಗಡಿಗೆ ರಜ. ಅಪ್ಪ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ಅವತ್ತು ಅವ್ವನಿಗೆ ಪೂರ್ತಿ ದಿನದ ಕೆಲಸ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಣೆಕಲ್ಲು ಇಟ್ಟು, ಎಲ್ಲ ಕತ್ತಿಗೂ ಕತ್ತರಿಗೂ ಬಾಯಿ ಕೂರಿಸಿ ಹರಿತ ಮಾಡುತ್ತಿದ್ದಳು. ಚೆಲುವರಾಜನ ಕತ್ತಿ ಮುಖದ ಮೇಲೆ ಓಡಿದ್ದೇ ಗೊತ್ತಾಗಲ್ಲ ಎಂದು ಊರೆಲ್ಲ ಅಪ್ಪನನ್ನು ಹೊಗಳುತ್ತಿತ್ತು. ಅಪ್ಪ ಒಂದು ಸಲವೂ, ಅದು ನನ್ನ ಹೆಂಡತಿಯ ಕೈ ಎಂದದ್ದು ನಾನು ಕೇಳಿಲ್ಲ. ಲೋಕೇಶನಿಗೆ ಮೀಸೆ ಮೂಡುವ ಮೊದಲೇ ಕತ್ತಿ ಹಿಡಿಯುವುದನ್ನು ಕಲಿಸಿದ. ನನಗೆ, ಕಲಿಯುವವರು ಮಾಡುವ ಹಾಗೆ, ಒಂದು ಬಲೂನಿನ ಮೇಲೂ ಸೋಪು ಹಚ್ಚಿ ಕೆರೆಯಲು ಬಿಡಲಿಲ್ಲ. ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಟೈಲರಿಂಗ್ ಅಂಗಡಿ ಇಟ್ಟುಕೊಂಡೆ. ನನ್ನ ಕತ್ತರಿಯನ್ನು ಇವತ್ತಿಗೂ ನಾನೇ ಮಸೆಯುತ್ತೇನೆ.

ಹಡಪ ಬಿಚ್ಚಿದ ಆ ಭಾನುವಾರ, ಮೂತಿ ಮುರಿದ ಕತ್ತಿ ಕೈಯಲ್ಲಿ ಹಿಡಿದೇ ಲೋಕೇಶನಿಗೆ ಫೋನು ಮಾಡಿದೆ. ಹಿಂದೆ ಹಾಡು ಕೇಳಿಸುತ್ತಿತ್ತು, ಅಂಗಡಿಯಲ್ಲಿ ಜನ ಇದ್ದರು.

"ಕನ್ನಡಿ ಕೆರೆಯಕ್ಕೆ ತಾತನ ಕತ್ತೀನೇ ಬೇಕಿತ್ತೇನ್ಲಾ ನಿಂಗೆ?"

ಯಾವ ಕತ್ತಿ ಎಂದ. ಹೇಳಿದೆ. "ಇರ್ಬೋದು ಬುಡಕ್ಕ. ಉಡುಗ್ರು ಏನಾರ ಮಾಡಿರ್ತವೆ, ನಂಗೆ ಗ್ಯಾನ ಇಲ್ಲ" ಎಂದ. ಮಾಡಿಲ್ಲ ಎಂದು ಜಗಳಕ್ಕೆ ನಿಂತಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೋದದ್ದು ಏನು ಎನ್ನುವುದೇ ಗೊತ್ತಿಲ್ಲದೆ ತಪ್ಪನ್ನು ತಲೆಗೆ ಹಾಕಿಕೊಂಡ, ರಸ್ತೆಯಲ್ಲಿ ಸಿಕ್ಕ ಕರಪತ್ರವನ್ನು ಕಿಸೆಗೆ ಹಾಕಿಕೊಳ್ಳುವವನಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕೇಳಿಸಿಕೊಂಡು, ಗಿರಾಕಿ ಕಾಯ್ತಾವ್ರೆ ಇಡ್ಲಾ ಎಂದ.

ಕತ್ತಿಯನ್ನು ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿ ಊಟದ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊರಡುವಾಗ ಅವ್ವ, "ಅದು ಆಗ್ತದ?" ಎಂದು ಕೇಳಿದಳು. ಮಾಡಿಸ್ತೀನಿ ಎಂದೆ. ಅಪ್ಪ ಜಗಲಿಯಲ್ಲಿ ಕಾಲು ಮಡಿಚಿ ದಾರಿ ಬಿಟ್ಟ.

ಶ್ರೀರಂಗಪಟ್ಟಣದಲ್ಲಿ ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆ ಶಹಾಬುದ್ದೀನ್ ಸಾಬರ ಸಾಣೆ ಅಂಗಡಿ. ಕಬ್ಬು ಕಡಿಯುವ ಮಚ್ಚು, ಮಾಂಸದಂಗಡಿಯ ಚೂರಿ, ಈಳಿಗೆಮಣೆ ಎಲ್ಲ ಅಲ್ಲಿಗೇ ಬರುತ್ತವೆ. ನಮ್ಮಪ್ಪನನ್ನು ಬಲ್ಲವರು, ಹೋದರೆ ಇವತ್ತಿಗೂ ಮಗಳಂತೆ ಬೇಟಿ ಎಂದೇ ಮಾತಾಡಿಸುತ್ತಾರೆ. ಸೋಮವಾರ ಬೆಳಿಗ್ಗೆ ಅವರ ಮುಂದೆ ಬಟ್ಟೆ ಬಿಚ್ಚಿದೆ. ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹಳ್ಳದೊಳಗೆ ಉಗುರು ಆಡಿಸಿ ನೋಡಿದರು. ಯಾವಾಗ ಆಯಿತು ಎಂದು ಕೇಳಿದರು. ದಸರೆಯಲ್ಲಿ, ತಮ್ಮನ ಅಂಗಡಿಯಲ್ಲಿ ಎಂದೆ.

"ದಸರೇದು ಅಲ್ಲ ಇದು. ಅಲಗೆಲ್ಲ ಕಪ್ಪಿಗೆ ತಿರುಗೈತೆ, ಒಡೆದ ಜಾಗ ಮಾತ್ರ ಬೆಳ್ಳಗೆ ಒಳೀತೈತೆ ನೋಡು. ಒಂದು ವಾರ ಆಗಿರ್ಬೇಕು, ಬಹುತ್ ಅಂದ್ರೆ ಅತ್ತು ದಿನ. ಕೆರೆದಿದ್ದೂ ಅಲ್ಲ ಬೇಟಿ. ಕಲ್ಲಿಗೆ ಒಡ್ದವ್ರೆ. ಯಾರ್ಗೆ ಅಷ್ಟು ಗುಸ್ಸ ಬಂದಿತ್ತು?"

ನನಗೆ ಉತ್ತರ ಗೊತ್ತಿತ್ತೋ ಏನೋ. ಗೊತ್ತಾಗುವುದಕ್ಕೆ ನಾನು ಇನ್ನೂ ಒಪ್ಪಿರಲಿಲ್ಲ.

ಹೋದ ಉಕ್ಕನ್ನು ತುಂಬುವುದಕ್ಕೆ ಆಗುವುದಿಲ್ಲ, ಉಳಿದದ್ದನ್ನೇ ಅದಕ್ಕೆ ಹೊಂದಿಸಬೇಕು ಎಂದರು ಸಾಬರು. ಬಾಯಿಯನ್ನು ಉದ್ದಕ್ಕೂ ಹಳ್ಳದ ಮಟ್ಟಕ್ಕೆ ಇಳಿಸಿದರೆ ಅಲಗು ಕಿರಿದಾಗಿ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ಮೂತಿಯನ್ನೇ ತೆಗೆದುಬಿಡುವುದು. ಚೌಕದ ಮೂಲೆ ಹೋಗಿ ಬೆನ್ನಿನಿಂದ ಬಾಯಿಗೆ ಉಗುರಿನಂತೆ ದುಂಡಗೆ ಇಳಿಯುತ್ತದೆ. ಅಷ್ಟನ್ನು ಚಕ್ರದಲ್ಲಿ ಮಾಡಬಹುದು. ಬಾಯಿ ಕೂರಿಸುವುದು ಚಕ್ರದ ಕೆಲಸವಲ್ಲ, ನಿಮ್ಮಮ್ಮನ ಕೆಲಸ ಎಂದರು.

ನಾನೇ ಹಿಡಿಯುತ್ತೇನೆ ಎಂದೆ. ಅವರು ಸ್ವಿಚ್ಚು ಒತ್ತಿ, ನೀರಿನ ಡಬ್ಬವನ್ನು ಪಕ್ಕಕ್ಕೆ ಸರಿಸಿದರು. ಚಕ್ರಕ್ಕೆ ಮುಟ್ಟಿಸಬೇಕು, ಕೂಡಲೇ ನೀರಿಗೆ ಅದ್ದಬೇಕು, ಮತ್ತೆ ಮುಟ್ಟಿಸಬೇಕು. ಅಲಗು ಬಿಸಿಯೇರಿ ನೀಲಿಗೆ ತಿರುಗಿದರೆ ಆ ಉಕ್ಕು ಸತ್ತಂತೆ, ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಇದು ಗೊತ್ತಿದ್ದೂ ನನ್ನ ಕೈ ಒತ್ತತೊಡಗಿತು. ಕಿಡಿ ಹಾರುವುದನ್ನು ನೋಡುತ್ತ ನನಗೆ ಸುಖವಾಯಿತು. ಟ್ರಿಮ್ಮರ್ ಕಳಿಸುತ್ತೇನೆ ಎಂದವನು, ಗಂಡನಿಗೆ ಆಗುವುದಿಲ್ಲ ಎಂದವಳು, ನಾಳೆ ಎಂದವನು, ಎಲ್ಲರನ್ನೂ ಆ ಚಕ್ರಕ್ಕೆ ಹಿಡಿದೆ. ತುದಿಯಲ್ಲಿ ಹೊಂಬಣ್ಣದ ಒಂದು ಗೆರೆ ಎದ್ದಿತು.

ಸಾಬರು ಸ್ವಿಚ್ಚು ಆರಿಸಿದರು. "ಇದು ನಿನ್ನ ತಮ್ಮನ ತಲೆ ಅಲ್ಲ ಬೇಟಿ," ಎಂದು ಕತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿಗೆ ಅದ್ದಿದರು. ಹೊಂಬಣ್ಣವಾದ್ದರಿಂದ ಬಚಾವು, ಇನ್ನೊಂದು ಗಳಿಗೆಯಾಗಿದ್ದರೆ ನೀಲಿ ಎಂದರು. ಉಳಿದದ್ದನ್ನು ಅವರೇ ಮುಗಿಸಿದರು, ಮುಟ್ಟಿಸಿ ಅದ್ದಿ, ಮುಟ್ಟಿಸಿ ಅದ್ದಿ. ನನ್ನ ಕೈಗೆ ವಾಪಸು ಬಂದ ಕತ್ತಿ ಮೊದಲಿಗಿಂತ ಗಿಡ್ಡವಾಗಿತ್ತು, ಮೂತಿ ಮೊಂಡಾಗಿ ದುಂಡಗಿತ್ತು. ಬಾಯಿ ಒಂದು ಕಾಗದವನ್ನೂ ಕತ್ತರಿಸುವಂತಿರಲಿಲ್ಲ.

ಮಂಗಳವಾರ ನನ್ನ ಅಂಗಡಿ ಮುಚ್ಚಿ ಪಾಂಡವಪುರಕ್ಕೆ ಹೋದೆ. ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ ಹಿತ್ತಿಲಿಗೆ ಹೊತ್ತೆ. ಒಗೆಯುವ ಕಲ್ಲು ಅವ್ವ ಹಾಸಿಗೆ ಹಿಡಿದ ಮೇಲೆ ಒಣಗಿ ಬಿಳಿಚಿಕೊಂಡಿತ್ತು. ಒಂದು ಚೊಂಬು ನೀರು ಹಾಕಿ ಕೈಯಲ್ಲಿ ಉಜ್ಜಿದೆ. ಕಲ್ಲಿನ ಅಂಚಿನಲ್ಲಿ ಬೆರಳಿಗೆ ಒಂದು ಹೊಸ ಕಚ್ಚು ಸಿಕ್ಕಿತು. ಬಗ್ಗಿ ನೋಡಿದೆ. ಕಲ್ಲಿನ ಪುಡಿ ಹಾರಿ ಬಿಳಿಯಾಗಿತ್ತು, ಅದರ ನಡುವೆ ಉಕ್ಕು ಉಜ್ಜಿದ ಬೂದುಗೆರೆ. ಕೆಳಗೆ ಸೋಪಿನ ಗಸಿ ಒಣಗಿದ ಕಡೆ ಮಣ್ಣು ಕೆದಕಿದೆ. ಅರ್ಧ ಹುಣಸೆಬೀಜದಷ್ಟು ಉಕ್ಕಿನ ಚೂರು ಬೆಳ್ಳಗೆ ಹೊಳೆಯಿತು.

ಅದನ್ನು ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಅಪ್ಪನ ಮುಂದೆ ಇಟ್ಟೆ.

ಅಪ್ಪ ಅದನ್ನು ನೋಡಿದ. ಲೋಕೇಶನ ಹೆಸರನ್ನು ಮತ್ತೆ ಎತ್ತಲಿಲ್ಲ.

"ದಿನಾ ಬೆಳಗಾದ್ರೆ ಅದೇ ಮಾತು. ಇಕ್ಕು, ಇಕ್ಕು ಅಂತಾಳೆ. ಕತ್ತಿ ಇದ್ರೆ ತಾನೆ ಕೇಳದು ಅಂತ ಒಡ್ದಾಕ್ಬುಟ್ಟೆ."

"ನಿಂಗೆ ಆಗ್ದಿದ್ರೆ ಆಗಲ್ಲ ಅನ್ಬೇಕಿತ್ತು. ಯಾಕಪ್ಪ ಒಡ್ದೆ?"

ಆಮೇಲೆ ಅಪ್ಪ ಹೇಳಿದ್ದು ನಾನು ಎಂದೂ ಕೇಳದ ಸಂಗತಿ. ಅವನು ಏಳೆಂಟು ವರ್ಷದ ಹುಡುಗನಾಗಿದ್ದಾಗ ತಾತ ಅವನನ್ನು ನೀರಿನ ಬಟ್ಟಲು ಹಿಡಿಯಲು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದನಂತೆ. ಒಂದು ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟರಂತೆ. ಗಂಡ ತೀರಿಕೊಂಡು ಹನ್ನೊಂದು ದಿನವಾಗಿದ್ದ ಒಬ್ಬ ಹುಡುಗಿಯನ್ನು ತಂದು ತಾತನ ಮುಂದೆ ಕೂರಿಸಿದರಂತೆ. ಅವಳು ಅಳಲಿಲ್ಲ, ಬಟ್ಟಲಿನ ನೀರನ್ನೇ ನೋಡುತ್ತಿದ್ದಳು, ಅವಳ ಕೂದಲು ತನ್ನ ಪಾದದ ಮೇಲೆ ಬಿತ್ತು ಎಂದ ಅಪ್ಪ. ಹೆಣ್ಣಿನ ತಲೆಗೆ ಕತ್ತಿ ಅಂದರೆ ಅವನಿಗೆ ಗೊತ್ತಿರುವುದು ಅದೊಂದೇ.

"ನಾನ್ ಬದ್ಕಿರುವಾಗ್ಲೇ ನಾನೇ ಅವ್ಳ ತಲೆಗೆ ಇಕ್ಕುದ್ರೆ ಏನಾದಂಗಾಯ್ತು? ನಾನೇನ್ ಸತ್ತೋಗಿದ್ದೀನಾ?"

ನನಗೆ ಮರುಕ ಬರಬೇಕಿತ್ತು. ಬಂತು ಕೂಡ, ಆ ಬಟ್ಟಲು ಹಿಡಿದ ಹುಡುಗನ ಮೇಲೆ. ಎದುರಿಗೆ ಕೂತ ಈ ಮುದುಕನ ಮೇಲೆ ಬರಲಿಲ್ಲ. ಅರವತ್ತು ವರ್ಷದ ಹಿಂದಿನ ಹುಡುಗಿಯ ಮುಖ ಇವನಿಗೆ ಇವತ್ತಿಗೂ ನೆನಪಿದೆ. ಒಳಗೆ ಕೈಯಲ್ಲಿ ಗಂಟು ಎತ್ತಿಹಿಡಿದು ಮಲಗಿದ ಹೆಂಡತಿಯ ಮುಖ ಕಾಣುವುದಿಲ್ಲ. ಅವಳ ನೋವಿನಲ್ಲೂ ಅವನು ನೋಡಿದ್ದು ತನ್ನ ಸಾವನ್ನು. ಅದನ್ನು ತಪ್ಪಿಸಿಕೊಳ್ಳಲು, ಅವಳು ಹಿಟ್ಟು ರುಬ್ಬಿದಷ್ಟೇ ದಿನ ಮಸೆದ ಕತ್ತಿಯನ್ನು ಅವಳೇ ಬಟ್ಟೆ ಒಗೆದ ಕಲ್ಲಿಗೆ ಬಡಿದು, ಮಗನ ಮೇಲೆ ಹೊರಿಸಿ, ಇಲ್ಲಿ ಬೀದಿ ನೋಡುತ್ತ ಕೂತಿದ್ದ.

"ಅವ್ವ ಗಂಡ ಸತ್ತವಳಲ್ಲ ಅಪ್ಪ, ಕಾಯಿಲೆಯವಳು," ಎಂದೆ. "ಇಷ್ಟು ಸಣ್ಣದು ನಿಂಗೆ ತಿಳೀಲಿಲ್ವಲ್ಲ."

ಒಳಗಿನಿಂದ ಅವ್ವ ಕರೆದಳು. ಹೋದೆ. ಈ ಸಲ ಗೋಡೆಯ ಕಡೆ ತಿರುಗಿರಲಿಲ್ಲ.

"ನಂಗೆ ಗೊತ್ತಿತ್ತು ಕಣ್ಮಗ. ಉಕ್ಕು ಕಲ್ಲಿಗೆ ಬಡುದ್ ಸದ್ದು ನಂಗೆ ಗೊತ್ತಾಗಲ್ವ?"

ಮತ್ತೆ ಯಾಕೆ ಹೇಳಲಿಲ್ಲ ಎಂದೆ. ನನ್ನ ದನಿ ಅವಳ ಮೇಲೂ ಏರಿತ್ತು.

"ಏಳಿದ್ರೆ ನೀನು ನಿಮ್ಮಪ್ಪನ ಜೊತೆ ಜಗಳಕ್ಕೆ ನಿಂತು ಕತ್ತಿ ಮರ್ತುಬುಡ್ತಿದ್ದೆ. ನಂಗೆ ಕತ್ತಿ ಆಗ್ಬೇಕಿತ್ತು. ಎಲ್ಲಿ, ತತ್ತಾ ಇಲ್ಲಿ."

ದುಂಡು ಮೂತಿಯ ಮೇಲೆ ಬೆರಳಾಡಿಸಿ ನೋಡಿದಳು. ಕಿವಿಯ ಹಿಂದೆ ಚೌಕದ ಮೂಲೆ ಚುಚ್ಚುತ್ತದೆ, ಇದು ಚುಚ್ಚುವುದಿಲ್ಲ, ತಲೆಗೆ ಇದೇ ವಾಸಿ ಎಂದಳು. ಆಮೇಲೆ ಹೆಬ್ಬೆರಳನ್ನು ಬಾಯಿಗೆ ಸವರಿ ಮುಖ ಕಿವುಚಿದಳು. ಮಸೆ ಹೋಗು ಎಂದಳು.

ನಾನು ಹಿತ್ತಿಲಲ್ಲಿ ಕೂತೆ. ಬಾಗಿಲು ತೆರೆದೇ ಇತ್ತು, ಅವ್ವ ಮಂಚದಿಂದ ಕೇಳಿಸಿಕೊಳ್ಳುತ್ತಿದ್ದಳು. ಅಲಗಿನ ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಬೇಕು, ಬಾಯಿ ಮುಂದಾಗಿ ಎಳೆದು, ಕೊನೆಗೆ ಬೆನ್ನಿನ ಮೇಲೆ ಹೊರಳಿಸಿ ವಾಪಸು ತರಬೇಕು. ಹೊಸ ಮೂತಿ ದುಂಡಗಿದ್ದುದರಿಂದ ನನ್ನ ಹಳೆಯ ಕೈ ಅಲ್ಲಿ ತಪ್ಪುತ್ತಿತ್ತು. "ಬೆನ್ನು ಎತ್ತುತಿದ್ದೀಯ, ಸದ್ದು ಒಡೀತದೆ" ಎಂದಳು ಒಳಗಿನಿಂದ. ಸರಿ ಮಾಡಿದೆ. ಮತ್ತೊಂದು ಸಲ, ಮೂತಿಯ ಹತ್ತಿರ ಮಣಿಕಟ್ಟು ಸ್ವಲ್ಪ ತಿರುಗಿಸು ಎಂದಳು. ತಿರುಗಿಸಿದೆ. ಸದ್ದು ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಒಂದೇ ಆಯಿತು. ಆಗ ಅವಳು ಮಾತಾಡುವುದನ್ನು ನಿಲ್ಲಿಸಿದಳು. ಬಿಸಿಲು ಗೋಡೆ ಇಳಿದು ನನ್ನ ಬೆನ್ನಿಗೆ ಬಂತು. ಕಲ್ಲು ಬದಲಿಸಿದೆ, ನುಣುಪಿನ ಕಲ್ಲು ಮುಗಿಸಿ ತೊಗಲ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದೆ. ಅಷ್ಟು ಹೊತ್ತೂ ಸಿಟ್ಟು ನನ್ನೊಳಗೇ ಇತ್ತು, ಆದರೆ ಕೈಗೆ ಇಳಿಯಲು ಬಿಡಲಿಲ್ಲ.

ಅವ್ವನ ದಿಂಬಿನ ಮೇಲಿಂದ ಉದುರಿದ ಒಂದು ಕೂದಲನ್ನು ಹೆಕ್ಕಿ, ಎರಡು ಬೆರಳಿನಲ್ಲಿ ಇಳಿಬಿಟ್ಟು, ಅಲಗಿಗೆ ಸೋಕಿಸಿದೆ. ಸದ್ದಿಲ್ಲದೆ ಎರಡಾಯಿತು. ಅವ್ವ ಅದನ್ನು ನೋಡಿ ಎದ್ದು ಕೂರಲು ಕೈ ಚಾಚಿದಳು.

ಜಗಲಿಯಿಂದ ಅಪ್ಪ, "ಇವತ್ತು ಮಂಗ್ಳಾರ" ಎಂದ.

"ಮಂಗ್ಳಾರ ರಜ ಇರದು ಅವ್ರಿಗೆ ಕಣ್ಮಗ, ನಮ್ಗಲ್ಲ," ಎಂದು ಅವ್ವ ನನಗೆ ಹೇಳಿದಳು, ಅವನಿಗೆ ಕೇಳುವಂತೆ.

ಹಿತ್ತಿಲ ಬಾಗಿಲಲ್ಲಿ ಬೆಳಕಿಗೆ ಮಣೆ ಹಾಕಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿದೆ. ಮೊದಲು ನನ್ನ ಟೈಲರಿಂಗ್ ಕತ್ತರಿಯಿಂದ ಗಂಟನ್ನು ಬುಡದಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿದೆ. ಅದು ಕೈಗೆ ಬಂದಾಗ ಅವ್ವ ಕತ್ತನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು, ಹಗುರವಾದದ್ದು ನಿಜವೋ ಎನ್ನುವಂತೆ. ದೇವರಿಗಾ ಎಂದು ತಮಾಷೆಗೆ ಕೇಳಿದೆ. ತಿಪ್ಪೆಗೆ ಹಾಕು ಎಂದಳು.

ಬಿಸಿನೀರು, ಸೋಪಿನ ನೊರೆ. ಕತ್ತಿ ಬಿಚ್ಚಿ ಹಿಡಿದ ಮೇಲೆ ನನ್ನ ಕೈ ನಿಂತುಬಿಟ್ಟಿತು. ನಲವತ್ತೇಳು ವರ್ಷದ ನಾನು ಎಷ್ಟೋ ಸಾವಿರ ಸಲ ಈ ಕತ್ತಿಯನ್ನು ಮಸೆದಿದ್ದೆ, ಒಬ್ಬರ ಮೈಗೂ ಮುಟ್ಟಿಸಿರಲಿಲ್ಲ. ರಕ್ತ ಬಂದರೆ ನಿಲ್ಲುವುದಿಲ್ಲ ಎಂಬ ಮಾತು ಕಿವಿಯಲ್ಲಿತ್ತು. "ಕತ್ತಿ ನಿಂಗೆ ಗೊತ್ತದೆ. ತಲೆ ನಾ ಏಳ್ತೀನಿ" ಎಂದಳು ಅವ್ವ. ನೆತ್ತಿಯಿಂದ ಹಣೆಗೆ ಇಳಿಸು ಎಂದಳು. ಅಲಗನ್ನು ಮಲಗಿಸಿ ಎಳೆದೆ. ನೊರೆಯ ಜೊತೆ ಕೂದಲು ಬಂತು. ಕೆಳಗಿನ ಚರ್ಮ ಬೆಳ್ಳಗೆ, ಎಳೆಯ ಮಗುವಿನದರಂತೆ ಇತ್ತು. ಅವಳ ತಲೆಯ ಆಕಾರ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದು ನನ್ನ ತಲೆಯ ಆಕಾರವೇ.

ಹಿಂದಲೆಯಲ್ಲಿ ಕಿವಿಯ ಬುಡಕ್ಕೆ ಬಂದಾಗ ಚರ್ಮ ಸುಕ್ಕುಗಟ್ಟಿ ಅಲಗಿಗೆ ಸಿಗಲಿಲ್ಲ. ಅವ್ವನಿಗೂ ಹೇಳಲು ತಿಳಿಯಲಿಲ್ಲ, ಅದು ಮಸೆಯುವವರ ವಿದ್ಯೆಯಲ್ಲ. ನಾನು ತಡವರಿಸುತ್ತಿದ್ದೆ.

"ಕಿವಿ ಮುಂದಕ್ಕೆ ಮಡುಚ್ಕೊ. ಚರ್ಮವ ಮ್ಯಾಲಕ್ಕೆ ಎಳ್ದು ಇಡ್ಕೊಂಡು ಇಕ್ಕು."

ಅಪ್ಪ ನಡುಮನೆಯ ಬಾಗಿಲಿನವರೆಗೆ ಬಂದು, ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ. ಆ ಮಾತು ನನಗೆ ಬೇಕಿತ್ತು, ಅದು ಅವನಿಂದ ಬಂದದ್ದು ಬೇಕಿರಲಿಲ್ಲ. ನಲವತ್ತು ವರ್ಷದ ಹಿಂದೆ ನನಗೆ ಕಲಿಸಬಹುದಾಗಿದ್ದ ಮಾತು. ಕಿವಿ ಮಡಿಚಿ, ಚರ್ಮ ಎಳೆದು ಹಿಡಿದು, ಕತ್ತಿ ಇಳಿಸಿದೆ. ದುಂಡು ಮೂತಿ ಎಲ್ಲೂ ಚುಚ್ಚದೆ ಸುತ್ತಿ ಬಂತು.

ಒದ್ದೆ ಬಟ್ಟೆಯಿಂದ ತಲೆ ಒರೆಸಿದೆ. ಬಿಳಿ ಬಟ್ಟೆಯನ್ನು ಅಗಲಿಸಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಕೆಂಪು ಇರಲಿಲ್ಲ. ಅವ್ವ ಎರಡೂ ಅಂಗೈಯನ್ನು ತಲೆಯ ಮೇಲಿಟ್ಟು ಮುಂದಿನಿಂದ ಹಿಂದಕ್ಕೆ ಸವರಿಕೊಂಡಳು. ಕಣ್ಣು ಮುಚ್ಚಿ ಮತ್ತೊಮ್ಮೆ ಸವರಿಕೊಂಡಳು. ತಿಂಗಳಿಂದ ಬಿಗಿದಿದ್ದ ಹಣೆ ಸಡಿಲಾಯಿತು. ಹಣೆಯ ಕುಂಕುಮ ನೀರಿಗೆ ಕರಗಿತ್ತು. ಭರಣಿ ತರಲಾ ಎಂದೆ. ಆಮೇಲೆ ನಾನೇ ಇಟ್ಕೊತೀನಿ ಎಂದಳು.

ಆಗ ಅಪ್ಪ ಬಂದ. ಅವ್ವ ಗೋಡೆ ಹಿಡಿದು ಎದ್ದ ಮೇಲೆ ಖಾಲಿಯಾದ ಮಣೆಯ ಮೇಲೆ ಮೊಣಕಾಲು ಹಿಡಿದುಕೊಂಡು ಕೂತ. ಉಳಿದಿದ್ದ ಬಿಸಿನೀರಿಗೆ ಕೈ ಅದ್ದಿ, ತಾನೇ ಕೆನ್ನೆಗೂ ಗಲ್ಲಕ್ಕೂ ಹಚ್ಚಿಕೊಂಡು, ಮುಖ ಎತ್ತಿ ನನ್ನ ಕಡೆ ಚಾಚಿದ. ಊರಿನ ಗಂಡಸರೆಲ್ಲ ಅವನ ಮುಂದೆ ಹಾಗೆ ಮುಖ ಎತ್ತಿ ಕೂತದ್ದನ್ನು ನೋಡಿದ್ದೇನೆ. ಅವನು ಯಾರ ಮುಂದೆಯೂ ಕೂತದ್ದು ನೋಡಿರಲಿಲ್ಲ. ಕ್ಷಮಿಸು ಎನ್ನುವ ಮಾತು ಅವನಿಗೆ ಬರುವುದಿಲ್ಲ. ಬದಲಿಗೆ ಇದನ್ನು ತಂದಿದ್ದ. ಮಗಳು ಗಡ್ಡ ತೆಗೆದರೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದನೇನೋ.

ನಾನು ಕತ್ತಿಯನ್ನು ಒರೆಸಿ ಮಡಿಚಿದೆ. ಹಡಪಕ್ಕೆ ಹಾಕಲಿಲ್ಲ. ಅವ್ವನ ಕೈಯಲ್ಲಿಟ್ಟೆ.

"ಕತ್ತಿ ಅವ್ವನದು," ಎಂದೆ. "ಅವಳನ್ನ ಕೇಳು."

ಅಪ್ಪ ಒದ್ದೆ ಮುಖವನ್ನು ಅವಳ ಕಡೆ ತಿರುಗಿಸಿದ. ಅವಳ ತಲೆಯನ್ನು ನೋಡದೆ ಈಗ ಬೇರೆ ದಾರಿ ಇರಲಿಲ್ಲ. ನೋಡಿದ. ಅವ್ವ ಕತ್ತಿಯನ್ನು ಸೆರಗಿನ ತುದಿಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಚಕ್ಕೆ ಹೋಗಿ ಮಲಗಿದಳು. ಈ ಸಲ ಅಂಗಾತ ಮಲಗಿದಳು, ತಲೆಯ ಭಾರವನ್ನೆಲ್ಲ ದಿಂಬಿನ ಮೇಲೆ ಬಿಟ್ಟು.

"ನಾಳೀಕ್ ನೋಡಾನ," ಎಂದಳು.

ಅಪ್ಪ ಮಣೆಯ ಮೇಲೇ ಕೂತಿದ್ದ. ನಾನು ನೆಲದ ನೊರೆ ಗುಡಿಸಿ, ಕಲ್ಲು ತೊಳೆದು, ಗಂಟನ್ನು ತಿಪ್ಪೆಗೆ ಹಾಕಿ ಬರುವಷ್ಟರಲ್ಲಿ ಅವನ ಗಡ್ಡ ಗಾಳಿಗೆ ಒಣಗಿತ್ತು.